ವಿಮಾನದ ಓದಿಗೆ ತೆತ್ತವರು

ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ಹೂವಿನಲ್ಲೇ ಕೊಳ್ಳುವ ರೂಢಿ. ಕಾಯಿ ಇನ್ನೂ ಸಾಸಿವೆಯಷ್ಟೂ ಆಗಿರುವುದಿಲ್ಲ. ಕೊಳ್ಳುವವನು ಮರದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಇಷ್ಟು ಫಲ ನಿಂತೀತು ಎಂದು ಮನಸ್ಸಿನಲ್ಲೇ ತೂಗಿ ಬೆಲೆ ಹೇಳಬೇಕು. ಮಾರನೆಯ ದಿನವೇ ಗಾಳಿ ಬೀಸಿ ಹೂವೆಲ್ಲ ನೆಲ ಸೇರಿದರೂ ಆಡಿದ ಮಾತು ಆಡಿದ ಮಾತೇ. ನನ್ನ ಗಂಡನ ತಂದೆ ಯಲ್ದೂರಿನ ಸುತ್ತಮುತ್ತ ಹೀಗೆ ತೋಪು ಹಿಡಿಯುತ್ತಿದ್ದರು. ಅವರದೊಂದು ಕ್ರಮವಿತ್ತು. ಮರ ನೋಡುವ ಮೊದಲು, ಹಿಂದಿನ ವರ್ಷ ಅದೇ ಮರದ ಫಲ ಹೊತ್ತವನ ಮನೆಗೆ ಹೋಗುವುದು. ಅವನ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಅದೂ ಇದೂ ಮಾತಾಡುತ್ತಾ ಮನೆಯವರ ಮುಖ ನೋಡಿಕೊಂಡು ಬರುವುದು. ಮರ ಸುಳ್ಳು ಹೇಳೀತು, ಮನೆ ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಮಗನ ಓದನ್ನೂ ಅವರು ಹೀಗೆಯೇ ತೂಗಲು ಹೊರಟರು. ಅದಕ್ಕೆಂದೇ ನಾವು ಮಾಲೂರಿಗೆ ಹೋದದ್ದು.

ಆ ಮಗ ನನ್ನ ಮೈದುನ. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದ. ಬೆಂಗಳೂರಿನ ದಂಡಿನ ಕಡೆ ವಿಮಾನದ ಎಂಜಿನ್ನಿನ ಕೆಲಸ ಕಲಿಸುವ ಶಾಲೆಯೊಂದಿತ್ತು. ಎರಡು ವರ್ಷದ ಓದು, ಕೊನೆಗೆ ಡಿಪ್ಲೊಮಾ. ಅದಕ್ಕೆ ಸೇರಬೇಕೆಂದು ಅವನಿಗೆ ಹುಚ್ಚು. ಊಟಕ್ಕೆ ಕೂತಾಗ ಅನ್ನವನ್ನು ಪಕ್ಕಕ್ಕೆ ಸರಿಸಿ, ಎಲೆಯ ಮೇಲೆ ಬೆರಳಿನಿಂದ ಪ್ರೊಪೆಲ್ಲರಿನ ರೆಕ್ಕೆ ಬರೆಯುವನು. ಸಾರು ಹರಿದು ಬಂದು ಆ ರೆಕ್ಕೆಯನ್ನು ತುಂಬುವುದು. "ಅನ್ನ ತಿನ್ನೋ, ಎಲೆ ಹಾರಿಸಬೇಡ" ಎಂದು ಅತ್ತೆ ಗದರುವರು.

ಸಂಜೆ ಜಗಲಿಯ ಮೇಲೆ ಅದೇ ಮಾತು. ಶಾಲೆಯ ಫೀಸು, ಬೆಂಗಳೂರಿನಲ್ಲಿ ಊಟ ವಸತಿ, ಸ್ವಂತ ಖರ್ಚಿನಲ್ಲೇ ಕೊಳ್ಳಬೇಕಾದ ಸ್ಪ್ಯಾನರುಗಳ ಪೆಟ್ಟಿಗೆ, ಎರಡು ಜೊತೆ ನೀಲಿ ಬಟ್ಟೆ. ಅಷ್ಟನ್ನೂ ಕೂಡಿಸಿದರೆ ಒಂದು ಒಳ್ಳೆಯ ತೋಪನ್ನು ಎರಡು ವರ್ಷ ಹಿಡಿಯಬಹುದಿತ್ತು. ಓದಿದ ಮೇಲೆ ಏನು ಎಂಬುದು ತಕ್ಕಡಿಯ ಇನ್ನೊಂದು ತಟ್ಟೆ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಆಗಿತ್ತು. ಡಿಪ್ಲೊಮಾ ಇದ್ದವರನ್ನು ಕರೆದು ಕೂರಿಸುತ್ತಾರೆ ಎಂಬ ಸುದ್ದಿಯಿತ್ತು. ಯುದ್ಧದ ಕಡೆಗೆ ಹೋದರೆ ಸಂಬಳ ಇನ್ನೂ ಜಾಸ್ತಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನನ್ನ ಯಜಮಾನರು, ಗುಮಾಸ್ತೆ ಕೆಲಸಕ್ಕೆ ಫೀಸೂ ಇಲ್ಲ, ಸ್ಪ್ಯಾನರೂ ಬೇಡ, ಸಾಯುವ ತನಕ ನೆರಳು ಎಂದರು. ಮಾವನವರು ಮಗನ ಕಡೆ ನೋಡದೆಯೇ, "ನಿನ್ನ ನೆರಳು ನೋಡ್ತಾನೇ ಇದೀನಲ್ಲಪ್ಪ, ಅದರ ಕೆಳಗೆ ಹುಲ್ಲೂ ಬೆಳೀಲಿಲ್ಲ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ನಗು ನುಂಗಿಕೊಂಡೆ.

ಅಷ್ಟರಲ್ಲಿ ಮುಳಬಾಗಿಲಿನಿಂದ ಸಂಬಂಧ ಬಂತು. ಅನುಕೂಲಸ್ಥರು, ಒಬ್ಬಳೇ ಮಗಳು. ಹುಡುಗ ವಿಮಾನದ ಓದು ಓದುತ್ತಾನೆಂದರೆ ಎರಡು ವರ್ಷದ ಖರ್ಚು ಪೂರ್ತಿ ತಮ್ಮದೇ, ಮೊದಲು ಮದುವೆಯಾಗಿಬಿಡಲಿ ಎಂದು ಹೇಳಿ ಕಳುಹಿಸಿದರು. ಹುಡುಗಿ ನೋಡಲು ನಾನೂ ಹೋಗಿದ್ದೆ. ಅವಳು ಉಪ್ಪಿಟ್ಟು ಬಡಿಸುವ ನೆಪದಲ್ಲಿ ನನ್ನ ಪಕ್ಕಕ್ಕೆ ಬಗ್ಗಿ, "ಅವರು ಮೇಲೆ ಹಾರೋರಾ, ಕೆಳಗೆ ನಿಂತು ರಿಪೇರಿ ಮಾಡೋರಾ?" ಎಂದು ಕೇಳಿದಳು. ರಿಪೇರಿ ಮಾಡೋರು ಅಂದೆ. "ಹಂಗಾದ್ರೆ ಸರಿ" ಎಂದು ಇನ್ನೊಂದು ಸೌಟು ಹಾಕಿದಳು. ಅವಳ ಎಡಗೈ ಬಳೆಗಳಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದು. ಒಡೆದದ್ದಕ್ಕೆ ಬದಲು ಅವಸರದಲ್ಲಿ ಯಾರದೋ ತೊಡಿಸಿದ್ದರು.

ಮಾತು ಕೊಡುವ ಮೊದಲು ಮಾವನವರು ತಮ್ಮ ಕ್ರಮ ಬಿಡಲಿಲ್ಲ. ಅದೇ ಶಾಲೆಯ ಮೊದಲ ತಂಡದಲ್ಲಿ ಓದಿದವನೊಬ್ಬ ಮಾಲೂರಿನವನೆಂದು ಪತ್ತೆ ಮಾಡಿದರು. ಅವನ ಹೆಂಡತಿ ಚಿನ್ನದ ಗಣಿಯ ಊರಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ತಿಳಿದಾಗ ನನಗೆ ಗುರುತು ಹತ್ತಿತು. ನಾನು ಓದಿದ್ದೂ ಅಲ್ಲೇ. ಅವಳು ನನಗಿಂತ ಎರಡು ತರಗತಿ ಮುಂದಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಿಸ್ಟರು ನಮಗೆ ಅವಳ ಅಂಕಿಗಳ ದುಂಡನ್ನು ತೋರಿಸಿ, ಹೀಗೆ ಬರೆಯಿರಿ ಎನ್ನುತ್ತಿದ್ದರು. ಅವಳ ಗಂಡ ಯುದ್ಧದ ವಿಮಾನಗಳ ರಿಪೇರಿಗೆಂದು ಸಿಂಗಾಪುರಕ್ಕೆ ಹೋಗಿದ್ದನಂತೆ. ಸಿಂಗಾಪುರ ಜಪಾನಿನವರ ಕೈಗೆ ಬಿದ್ದು ಆಗ ವರ್ಷವಾಗುತ್ತಾ ಬಂದಿತ್ತು. ಸತ್ತನೆಂದು ತಂತಿ ಬಂದಿರಲಿಲ್ಲ, ಸೆರೆಯಲ್ಲಿದ್ದಾನೆಂದೂ ಬಂದಿರಲಿಲ್ಲ. ಪತ್ತೆಯಿಲ್ಲ ಎಂದಷ್ಟೇ.

"ಗಂಡಸರು ಗಂಡಸರಿಗೆ ಹೇಳೋದು ಒಂದು, ಹೆಂಗಸರು ಹೆಂಗಸರಿಗೆ ಹೇಳೋದು ಇನ್ನೊಂದು. ನೀನೂ ಬಾರಮ್ಮ" ಎಂದರು ಮಾವನವರು.

ಮಾವು ಹೂ ಬಿಟ್ಟ ಕಾಲ. ಸಣ್ಣ ರೈಲಿನಲ್ಲಿ ಕೋಲಾರದ ಮೇಲೆ, ಈಗ ಬಂಗಾರಪೇಟೆ ಎನ್ನುವ ಬೌರಿಂಗ್‌ಪೇಟೆಗೆ, ಅಲ್ಲಿಂದ ದೊಡ್ಡ ರೈಲಿನಲ್ಲಿ ಮಾಲೂರಿಗೆ. ಗಾಡಿಯ ತುಂಬ ಸಿಪಾಯಿಗಳು. ಅತ್ತೆ ಸೆರಗು ಬಿಗಿಯಾಗಿ ಹೊದ್ದು, ಮಡಿಲಲ್ಲಿ ತೆಂಗಿನಕಾಯಿ ಬಾಳೆಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದರು.

ಆ ಮನೆ ಸ್ಟೇಷನ್ನಿನಿಂದ ದೂರವಿರಲಿಲ್ಲ. ಅವನ ತಂದೆ ಹೆಂಚಿನ ಗೂಡಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ಸೂರಿಗೆ ಹೊಸ ಹೆಂಚು. ಹಿತ್ತಿಲಲ್ಲಿ ಕರೆಯುವ ಹಸು. ಮಾವನವರ ಕಣ್ಣು ಅವೆರಡರ ಮೇಲೂ ನಿಂತು ಮುಂದೆ ಹೋದದ್ದನ್ನು ನಾನು ಕಂಡೆ. ಗೋಡೆಯ ಮೇಲೆ ಮಗನ ಪಟ. ಅದಕ್ಕೆ ಹಾರವಿರಲಿಲ್ಲ. ಆದರೆ ಹಾರ ಹಾಕಲು ಬೇಕಾದ ಎರಡು ಮೊಳೆಗಳು ಪಟದ ಎರಡೂ ಪಕ್ಕ ಹೊಡೆದಿದ್ದವು. ಯಾರು ಹೊಡೆದರೋ, ಯಾವಾಗ ಹೊಡೆದರೋ. ಕೂತಿದ್ದಷ್ಟು ಹೊತ್ತೂ ನಾನು ಆ ಮೊಳೆಗಳನ್ನು ನೋಡದಿರಲು ಪ್ರಯತ್ನಿಸಿದೆ.

ಆ ಹಿರಿಯರು ಮಗನ ಓದನ್ನು ಹೊಗಳಿದರು. ಶಾಲೆ ಒಳ್ಳೆಯದು, ಕಲಿಸುವವರು ಇಂಗ್ಲಿಷಿನವರು, ಓದು ಮುಗಿಯುವ ಮೊದಲೇ ಕೆಲಸ. ಫೀಸಿಗೆ ತಮ್ಮ ಕೈಯಿಂದ ಕಾಸೂ ಬಿಚ್ಚಲಿಲ್ಲ, ಬೀಗರೇ ಕಟ್ಟಿದರು ಎಂದರು. ಆಮೇಲೆ ಎಲೆ ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡು, "ಅವನು ಎಲ್ಲಿದಾನೋ ದೇವರಿಗೇ ಗೊತ್ತು. ಆದ್ರೂ ನೋಡಿ ಸ್ವಾಮಿ, ಸಂಬಳದಲ್ಲಿ ಮನೆಗೆ ಅಂತ ಬರೆದಿಟ್ಟ ಪಾಲು ಒಂದು ತಿಂಗಳೂ ತಪ್ಪಿಲ್ಲ" ಎಂದರು.

ಆಗಲೇ ಆಕಾಶದಲ್ಲಿ ಸದ್ದು ಹುಟ್ಟಿತು. ಬೆಂಗಳೂರಿನ ಕಡೆಯಿಂದ ವಿಮಾನಗಳು ಆ ದಾರಿಯಲ್ಲಿ ಹಾದು ಹೋಗುತ್ತಿದ್ದವು. ಹಿರಿಯರು ಎಲೆಗೆ ಸುಣ್ಣ ಸವರುತ್ತಿದ್ದವರು ಬೆರಳನ್ನು ಹಾಗೆಯೇ ನಿಲ್ಲಿಸಿದರು. ಅಡುಗೆಮನೆಯಲ್ಲಿ ಒರಳಿನ ಸದ್ದು ನಿಂತಿತು. ಹಿತ್ತಿಲಲ್ಲಿ ನೀರು ಸೇದುತ್ತಿದ್ದ ಆಳು ಹೆಂಗಸು ಹಗ್ಗ ಹಿಡಿದು ನಿಂತಳು. ಸದ್ದು ತಲೆಯ ಮೇಲೆ ಬಂದು, ದಾಟಿ, ಸಣ್ಣಗಾಗಿ, ಇಲ್ಲವಾಯಿತು. ಬೆರಳು ಮತ್ತೆ ಸುಣ್ಣ ಸವರಿತು, ಒರಳು ತಿರುಗಿತು, ಕೊಡ ಮೇಲೆ ಬಂತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು.

ನಾನೆದ್ದು ಅಡುಗೆಮನೆಗೆ ಹೋದೆ. ಅವಳು ಬಾಡಿದ್ದಳು, ಆದರೆ ಗುರುತು ಹಿಡಿದಳು. ನನ್ನ ಹೆಸರನ್ನು ಸಿಸ್ಟರುಗಳು ಕರೆಯುತ್ತಿದ್ದ ರೀತಿಯಲ್ಲೇ ಕರೆದಳು. ಹಣೆಯಲ್ಲಿ ಕುಂಕುಮ ದೊಡ್ಡದಾಗಿತ್ತು. ಒಲೆಯ ಮೇಲುಗಡೆ ಸೂರಿನಲ್ಲಿ ಒಂದು ಹೆಂಚಿನ ಬದಲು ಗಾಜು ಕೂರಿಸಿತ್ತು. ಹೊಗೆಗೆ ಕಣ್ಣು ಉರಿಯುತ್ತದೆಂದು ಅವನೇ ರಜದಲ್ಲಿ ಬಂದಾಗ ಕೂರಿಸಿದ್ದಂತೆ. ಅವಳು ಕೂತು ರುಬ್ಬುವ ಜಾಗಕ್ಕೆ ಸರಿಯಾಗಿ ಆ ಚೌಕದ ಬೆಳಕು ಬೀಳುತ್ತಿತ್ತು. ಅದನ್ನು ಅವಳು ದಿನಾ ಒರೆಸುತ್ತಾಳೆಂದು ಕಾಣುತ್ತದೆ. ಸೂರೆಲ್ಲ ಮಸಿ, ಅದೊಂದೇ ನೀರಿನಂತೆ ತಿಳಿ.

ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು. ಹೊರಗೆ ಕೂತವರಿಗೆ ತಿಳಿಯದಿರಲಿ ಎಂದು ಮಾತ್ರವಲ್ಲ. ಆ ಭಾಷೆಯಲ್ಲಿ ನಮ್ಮನ್ನು ಯಾರ ತಾಯಿಯೂ ಬೈದಿರಲಿಲ್ಲ, ಯಾರೂ ಅತ್ತಿರಲಿಲ್ಲ. ಅದರಲ್ಲಿ ಹೇಳಿದ್ದು ಸ್ವಲ್ಪ ದೂರದಲ್ಲೇ ನಿಲ್ಲುತ್ತಿತ್ತು. ಮೈದುನನನ್ನು ಆ ಓದಿಗೆ ಕಳುಹಿಸಬಹುದೇ ಎಂದು ಕೇಳಿದೆ.

"ಒಳ್ಳೆಯ ಓದು," ಎಂದಳು. "ಅದರಲ್ಲಿ ಅನುಮಾನ ಬೇಡ. ಇವರು ಎಂಜಿನ್ನಿನ ಮಾತಾಡುವಾಗ ಮುಖ ಬೆಳಗುತ್ತಿತ್ತು. ನನ್ನನ್ನು ನೋಡಿದಾಗಲೂ ಅಷ್ಟು ಬೆಳಗಲಿಲ್ಲ." ನಕ್ಕಳು. ಆಮೇಲೆ, ನಿನ್ನ ಮೈದುನನಿಗೆ ಮದುವೆ ಗೊತ್ತಾಗಿದೆಯೇ ಎಂದಳು.

ಆಗುತ್ತಾ ಇದೆ, ಹುಡುಗಿಯ ಕಡೆಯವರೇ ಫೀಸು ಕಟ್ಟುತ್ತಾರೆ ಎಂದೆ.

ಅವಳ ಕೈ ಒರಳಿನಲ್ಲೇ ನಿಂತಿತು. ಆಗ ಆಕಾಶದಲ್ಲಿ ಸದ್ದೇನೂ ಇರಲಿಲ್ಲ.

"ನಮ್ಮ ತಂದೆಯೂ ಕಟ್ಟಿದರು. ಕೆರೆಯ ಕೆಳಗಿನ ಗದ್ದೆ ಮಾರಿ ಕಟ್ಟಿದರು. ಆ ಓದಿಗೆ ಎಷ್ಟು ಖರ್ಚಾಯಿತು ಎಂದು ಕೇಳಲು ಈ ಮನೆಗೆ ನಿಮ್ಮ ಹಾಗೆ ಎಷ್ಟೋ ಜನ ಬಂದರು. ಯಾರು ಖರ್ಚಾದರು ಎಂದು ಕೇಳಿದವರಿಲ್ಲ."

ಅವಳೇ ಮುಂದುವರಿಸಿದಳು. ಗಂಡನ ಸಂಬಳದ ಪಾಲು ಬರುವವರೆಗೆ ಅವರು ಇದ್ದಾರೆ ಎಂದು ಲೆಕ್ಕ. ಸತ್ತರೆಂದು ಯಾರಾದರೂ ಬರೆದ ದಿನ ಅದು ನಿಂತು, ಅದಕ್ಕಿಂತ ಚಿಕ್ಕದೊಂದು ಪಿಂಚಣಿ ಶುರುವಾಗುತ್ತದೆ. ಹಾಗಾಗಿ ತನ್ನ ಮಾವನಿಗೆ ಸುದ್ದಿ ಬರಲೆಂದೂ ಆಸೆ, ಬಾರದಿರಲೆಂದೂ ಆಸೆ. ಅವರ ಮೇಲೆ ತನಗೆ ಸಿಟ್ಟಿಲ್ಲ. ತಾನು ಮುತ್ತೈದೆಯೋ ಅಲ್ಲವೋ ಎಂದು ತಿಂಗಳಿಗೊಮ್ಮೆ ಅಂಚೆಯವನು ಬಂದು ಹೇಳಿಹೋಗುತ್ತಾನೆ.

"ಅವನಿಗೆ ಆಸೆಯಿದ್ದರೆ ಹೋಗಲಿ," ಎಂದಳು ಕೊನೆಗೆ. "ಅಪ್ಪನ ದುಡ್ಡಿನಲ್ಲಿ ಹೋಗಲಿ, ಇಲ್ಲವೇ ಬರಿಗೈಯಲ್ಲಿ ಹೋಗಲಿ. ಒಬ್ಬ ಹುಡುಗಿಯನ್ನು ನೋಟಿನಂತೆ ಮುರಿಸಿಕೊಂಡು ಹೋಗುವುದು ಬೇಡ."

ಊಟವಾಯಿತು. ಹೊರಡುವಾಗ ಅವಳು ಅರಿಶಿನ ಕುಂಕುಮದ ತಟ್ಟೆ ತಂದು ಅತ್ತೆಯ ಮುಂದೆ ಹಿಡಿದಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಅದನ್ನು ತೆಗೆದುಕೊಳ್ಳದೆ ಹೊಸಿಲು ದಾಟುವುದಿಲ್ಲ. ಕೊಡುವವಳೂ ಮುತ್ತೈದೆಯೇ ಆಗಿರಬೇಕು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಕೆಟ್ಟವರಲ್ಲ. ಹೆದರಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು:

"ನಮಗೆ ಸೂತಕ ಕಣಮ್ಮ. ದಾಯಾದಿಗಳಲ್ಲಿ ಒಬ್ಬರು ಹೋಗ್ಬಿಟ್ರು. ಮುಟ್ಟೋ ಹಂಗಿಲ್ಲ."

ಯಾರೂ ಹೋಗಿರಲಿಲ್ಲ. ಸೂತಕದವರು ಇನ್ನೊಬ್ಬರ ಮನೆಗೆ ಕಾಯಿ ಹಣ್ಣು ಹಿಡಿದು ಬರುವುದಿಲ್ಲ, ಕೂತು ಊಟ ಮಾಡುವುದಿಲ್ಲ. ಅವಳಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದೇ ಮನೆಯವಳಾದ ನನಗೂ ಆ ಸೂತಕ ಬಂದಂತಾಯಿತು. ನಾನು ಕೈ ಚಾಚಿದರೆ ಅತ್ತೆ ಸುಳ್ಳಾಡಿದಂತೆ. ನಾನು ಚಾಚುವುದಕ್ಕೂ ಬಿಡುವುದಕ್ಕೂ ಮೊದಲೇ ಅವಳು ತಟ್ಟೆಯನ್ನು ತನ್ನ ಸೊಂಟದ ಕಡೆಗೆ ತಿರುಗಿಸಿಕೊಂಡು, ಇಂಗ್ಲಿಷಿನಲ್ಲಿ ಮೆಲ್ಲಗೆ, "ಬೇಡ. ನೀನು ಅವರ ಜೊತೆ ಬಾಳಬೇಕು" ಎಂದಳು. ಎಷ್ಟು ಜನರ ಎಷ್ಟು ಬಗೆಯ ನೆಪ ಕೇಳಿದ್ದಳೋ. ಗೇಟಿನ ತನಕ ಬಂದು ಬೀಳ್ಕೊಟ್ಟಳು. ನಾನು ಎರಡು ಸಲ ತಿರುಗಿ ನೋಡಿದೆ. ಎರಡನೆಯ ಸಲ ಅವಳು ನಮ್ಮನ್ನು ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದಳು.

ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲಿಗೆ ಕಾಯುತ್ತಾ ಕೂತಾಗ ಅತ್ತೆ ಮೊದಲ ಬಾರಿಗೆ ಬಾಯಿ ಬಿಟ್ಟರು. ನಮ್ಮ ದಾಯಾದಿಗಳಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಮಾವನವರನ್ನು ಕೇಳಿದರು. ಯಾರಿಗೂ ಏನೂ ಇಲ್ಲ, ಯಾಕೆ ಎಂದರು ಮಾವನವರು.

"ಹೋದ್ರು ಅಂದ್ಬಿಟ್ಟೆ," ಎಂದರು ಅತ್ತೆ. "ಯಾರು ಅಂತ ಹೇಳ್ಲಿಲ್ಲ. ಹೆಸರಿಲ್ದೆ ಆಡಿದ ಸಾವು ಮನೆ ಹುಡುಕ್ಕೊಂಡು ಬರ್ತದಂತೆ."

ಮಾವನವರು ನಕ್ಕರು. ಅತ್ತೆ ನಗಲಿಲ್ಲ. ಮನೆ ಸೇರಿದ ಕೂಡಲೇ ಬಾವಿಕಟ್ಟೆಗೆ ಹೋಗಿ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ನನಗೂ ಸುರಿದರು. ಆ ದಿನದಿಂದ ಮನೆಗೆ ನಿಜವಾದ ಸೂತಕ. ಆಡಿದ ಸುಳ್ಳನ್ನು ಪೂರ್ತಿ ಆಚರಿಸಿ ಮುಗಿಸಿದರೆ ಅದು ಯಾರ ತಲೆಯ ಮೇಲೂ ಉಳಿಯದೆ ತೀರಿಹೋಗುತ್ತದೆ ಎಂಬುದು ಅವರ ಲೆಕ್ಕ. ದೇವರಿಗೆ ದೀಪವಿಲ್ಲ, ಒಗ್ಗರಣೆಯಿಲ್ಲ, ಹೂ ಮುಡಿಯುವಂತಿಲ್ಲ. ಮಾವನವರು, "ಸತ್ತೋರು ಯಾರು ಅಂತಾದ್ರೂ ಹೇಳೇ, ನಾನೂ ಒಂದು ಸಲ ಅಳ್ತೀನಿ" ಎಂದು ರೇಗಿಸಿದರು. ಒಂದೆರಡು ದಿನ ರೇಗಿಸಿದರು, ಆಮೇಲೆ ಬಿಟ್ಟರು. ಯಾಕೆಂದರೆ ಕೇರಿಯವರು ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತು ನಿಟ್ಟುಸಿರು ಬಿಡಲು ಶುರುಮಾಡಿದ್ದರು. ಅವರಿಗೆ ಏನು ಹೇಳುವುದು? ದೂರದ ಸಂಬಂಧ ಎಂದರು ಮಾವನವರು. ಪಾಪ, ವಯಸ್ಸಾಗಿತ್ತಾ ಎಂದು ಯಾರೋ ಕೇಳಿದರೆ, "ಅಷ್ಟೇನಿಲ್ಲ" ಎಂದುಬಿಟ್ಟು, ತಾವೇ ಬೆಚ್ಚಿದವರಂತೆ ಎದ್ದು ಒಳಗೆ ಬಂದರು.

ಆ ದಿನಗಳನ್ನು ನಾನು ಮರೆಯಲಾರೆ. ಸಾವಿಲ್ಲದ ಮನೆಯಲ್ಲಿ ನಾವು ಮೆಲ್ಲಗೆ ನಡೆಯುತ್ತಿದ್ದೆವು, ಮೆಲ್ಲಗೆ ಮಾತಾಡುತ್ತಿದ್ದೆವು. ಬಡಿಸುವಾಗ ಅತ್ತೆ ಎಲೆಗಳನ್ನು ನೋಡಿ, ಕೂತವರನ್ನು ನೋಡಿ, ತುಟಿಯಲ್ಲೇ ಎಣಿಸುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ಕಿರಿಯ ಮಗನ ಮೇಲೆ ನಿಲ್ಲುತ್ತಿತ್ತು. ಅವನಿಗೂ ಅದು ಗೊತ್ತಾಗುತ್ತಿತ್ತು. ಎಲೆಯ ಮೇಲೆ ರೆಕ್ಕೆ ಬರೆಯುವುದನ್ನು ಬಿಟ್ಟ.

ಮುಳಬಾಗಿಲಿನವರು ತಾಂಬೂಲ ಬದಲಾಯಿಸಲು ಅದೇ ವಾರ ಬರಬೇಕಿತ್ತು. ಸೂತಕವೆಂದು ಹೇಳಿ ಕಳುಹಿಸಿದ್ದಾಯಿತು.

ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮೈದುನ ಬಂದು ಬಾವಿಕಟ್ಟೆಯ ಮೇಲೆ ಕೂತ.

"ಅತ್ತಿಗೆ, ಈ ಮನೇಲಿ ಸತ್ತಿರೋದು ನಾನೇ ಅನ್ನಿಸ್ತದೆ," ಎಂದ.

ಹಾಗನ್ನಬಾರದು ಎಂದೆ. ಆಗ ಅವನು ಮಾಲೂರಿನ ಅಡುಗೆಮನೆಯಲ್ಲಿ ಆದ ಮಾತೆಲ್ಲ ಹೇಳಿ ಎಂದ. ಹೇಳಿದೆ. ಇಂಗ್ಲಿಷಿನಲ್ಲಿ ದೂರ ನಿಂತಿದ್ದ ಮಾತುಗಳು ಕನ್ನಡದಲ್ಲಿ ಹೇಳುವಾಗ ನನ್ನ ಪಕ್ಕಕ್ಕೇ ಬಂದು ಕೂತವು. ಯಾರು ಖರ್ಚಾದರು ಎಂಬ ಮಾತಿಗೆ ಬಂದಾಗ ಅವನು ಬಾವಿಯೊಳಗೆ ಬಗ್ಗಿ ನೋಡುತ್ತಿದ್ದ.

"ಮುಳಬಾಗಿಲ ಹುಡುಗಿ ನಿಮ್ಮನ್ನ ಏನೋ ಕೇಳಿದ್ಲು ಅಂತಿದ್ರಲ್ಲ?"

"ಮೇಲೆ ಹಾರೋರಾ, ಕೆಳಗೆ ನಿಂತು ರಿಪೇರಿ ಮಾಡೋರಾ ಅಂತ."

"ಮಾಲೂರಿನವರ ಗಂಡನೂ ಕೆಳಗೆ ನಿಂತೋರೇ ಅಲ್ವಾ," ಎಂದು ಎದ್ದು ಹೋದ.

ಸೂತಕ ಕಳೆಯಿತು. ಅತ್ತೆ ಮನೆ ತೊಳೆದು ದೀಪ ಹಚ್ಚಿದರು. ಮಾವನವರು ಜಗಲಿಯಲ್ಲಿ ಮಗನನ್ನು ಕೂರಿಸಿಕೊಂಡು ತಮ್ಮ ತೂಕ ಹೇಳಿದರು. ಮಾಲೂರಿನ ಮನೆ ನೋಡಿ ಬಂದೆ, ಹೆಂಚು ಹೊಸದು, ಹಸು ಕಟ್ಟಿದ್ದಾರೆ, ಯಾರಿಗೂ ಕೈ ಚಾಚಿಲ್ಲ. ಮರ ಎಲ್ಲಿದೆಯೋ ಗೊತ್ತಿಲ್ಲ, ಫಲ ಬರುವುದು ಮಾತ್ರ ತಪ್ಪಿಲ್ಲ. ಇಂಥ ಓದು ಇನ್ನೊಂದಿಲ್ಲ. ಮುಳಬಾಗಿಲಿನವರಿಗೆ ಬನ್ನಿ ಅನ್ನೋಣ. ಅತ್ತೆ ಒಳಗಿನಿಂದ, ಬೇಡವೇ ಬೇಡ, ಮೇಲಿನದೂ ಬೇಡ ಕೆಳಗಿನದೂ ಬೇಡ, ಮಗ ಕಣ್ಣೆದುರಿಗಿರಲಿ ಎಂದು ಅಳಲು ಶುರುಮಾಡಿದರು.

ಮೈದುನ ಇಬ್ಬರಿಗೂ ಉತ್ತರ ಕೊಡದೆ ಒಂದೇ ಪ್ರಶ್ನೆ ಕೇಳಿದ.

"ಅಪ್ಪ, ಫೀಸು ನೀವು ಕಟ್ತೀರಾ?"

"ನಾನ್ಯಾಕೋ ಕಟ್ಟಲಿ? ಅವರು ಕಟ್ತೀವಿ ಅಂತಿರುವಾಗ?"

"ಅವರು ಇಲ್ಲ ಅಂತ ಇಟ್ಕೊಳ್ಳಿ. ನಿಮ್ಮ ದುಡ್ಡಾದ್ರೆ ಕಟ್ತೀರಾ?"

ಮಾವನವರು ಸುಳ್ಳು ಹೇಳುವವರಲ್ಲ. ವ್ಯಾಪಾರದಲ್ಲೂ ಹೇಳುತ್ತಿರಲಿಲ್ಲ. ಬೀದಿಯ ಕಡೆ ಮುಖ ತಿರುಗಿಸಿದರು.

"ನನ್ನ ದುಡ್ಡಾದ್ರೆ ಈ ತೋಪು ನಾನು ಹಿಡಿಯಲ್ಲ ಕಣೋ," ಎಂದರು.

"ಹಂಗಾದ್ರೆ ಅವರದ್ದರಲ್ಲೂ ಹಿಡಿಯೋದು ಬೇಡ. ಆ ಹುಡುಗೀನೂ ಬೇಡ ಅಂತ ಹೇಳಿಬಿಡಿ."

ಮುಳಬಾಗಿಲಿಗೆ ಹೇಳಿ ಕಳುಹಿಸಿದರು. ಯಾಕೆ ಎಂದು ಹೇಳಲಿಲ್ಲ. ಯಾಕೆ ಎಂದು ಹೇಳುವ ರೂಢಿ ನಮ್ಮಲ್ಲಿಲ್ಲ. ಮೈದುನ ಬೇಸಿಗೆ ಮುಗಿಯುವ ಮೊದಲೇ ಬೆಂಗಳೂರಿಗೆ ಹೋಗಿ ವಿಮಾನದ ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದ. ಅತ್ತೆ ತಡೆಯಲು ನೋಡಿ ಸೋತರು. ತಗಡು ಬಡಿಯುವ ಕೆಲಸ. ಕಿವಿ ಮಂದವಾಯಿತು. ಆ ಶಾಲೆಯಿಂದ ಡಿಪ್ಲೊಮಾ ಹಿಡಿದು ಬಂದವರು, ಇವನಿಗಿಂತ ಚಿಕ್ಕವರು, ಇವನು ಬಡಿದ ತಗಡನ್ನು ಪರೀಕ್ಷೆ ಮಾಡುವ ಮೇಜಿನ ಆಚೆ ಕೂತರು. ಅವರಿಗೆ ಸಾರ್ ಅನ್ನುತ್ತೇನೆ, ಅನ್ನಲು ಬೇಜಾರಿಲ್ಲ, ಆದರೆ ಅವರಿಗೆ ಗೊತ್ತಿರೋದು ನನಗೂ ಗೊತ್ತಿದ್ದಿದ್ರೆ ಚೆನ್ನಾಗಿತ್ತು ಎಂದು ಒಮ್ಮೆ ಹಬ್ಬಕ್ಕೆ ಬಂದಾಗ ಹೇಳಿದ. ಆ ಓದಿಗೆ ಬೆಲೆ ಇದ್ದದ್ದು ನಿಜ. ಮಾವನವರು ತೂಗಿದ್ದರಲ್ಲಿ ತಪ್ಪಿರಲಿಲ್ಲ.

ಅತ್ತೆಯ ಭಯ ಮಾತ್ರ ಹೋಗಲಿಲ್ಲ. ಆಕಾಶದಲ್ಲಿ ಸದ್ದಾದರೆ ಕೈಕೆಲಸ ಬಿಟ್ಟು, ಮನೆಯವರೆಲ್ಲ ಎಲ್ಲೆಲ್ಲಿ ಇದ್ದಾರೆಂದು ಕೂಗಿ ಕೂಗಿ ತಿಳಿದುಕೊಳ್ಳುತ್ತಿದ್ದರು. ಮಾಲೂರಿನ ಅಡುಗೆಮನೆ ನಮ್ಮ ಮನೆಗೂ ಬಂದಿತ್ತು. ಒಂದು ವರ್ಷದ ಮೇಲೆ ಮಾಸ್ತಿಯಲ್ಲಿ ಮಾವನವರ ದೊಡ್ಡಪ್ಪನ ಮಗ, ಹಣ್ಣು ಹಣ್ಣು ಮುದುಕರು, ತೀರಿಕೊಂಡರೆಂದು ಸುದ್ದಿ ಬಂತು. ಅವರ ಹೆಂಡತಿಯೂ ಅಳದಷ್ಟು ನಮ್ಮ ಅತ್ತೆ ಅತ್ತರು. ಅತ್ತು ಮುಗಿಸಿ, ನನ್ನ ಕಡೆ ತಿರುಗಿ, "ಪೋನೀ ಬಿಡಮ್ಮ, ಆ ಸಾವು ಇವರದೇ ಆಗಿತ್ತು" ಎಂದು ತೆಲುಗು ಕಲೆಸಿ ಸಮಾಧಾನದ ಉಸಿರು ಬಿಟ್ಟರು. ಆ ರಾತ್ರಿ ಅವರು ನಿದ್ದೆ ಮಾಡಿದರು.

ಮಾಲೂರಿಗೆ ನಾನು ಮತ್ತೆ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಅವಳ ಮನೆಗೆ ಬರುತ್ತಿದ್ದ ಹಣ ನಿಂತು, ಚಿಕ್ಕದು ಶುರುವಾಯಿತೆಂದು ಕೇಳಿದೆ. ಅವಳು ಕುಂಕುಮ ಅಳಿಸಲಿಲ್ಲವಂತೆ. ಸ್ವಲ್ಪ ದಿನ ಊರು ಆಡಿಕೊಂಡಿತು, ಆಮೇಲೆ ಊರಿಗೂ ಸಾಕಾಯಿತು.

ಮುಳಬಾಗಿಲಿನ ಆ ಹುಡುಗಿಯನ್ನು ನಾನು ಇನ್ನೊಮ್ಮೆ ನೋಡಿದ್ದು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಅವಳೇ ಗುರುತು ಹಿಡಿದು ಮಾತಾಡಿಸಿದಳು. ಟ್ರಂಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳಷ್ಟೇ ಎತ್ತರದ ಇಬ್ಬರು ಹುಡುಗಿಯರು. ಗಂಡನ ಮೊದಲ ಹೆಂಡತಿಯ ಮಕ್ಕಳು ಎಂದಳು. ತಾಂಬೂಲದ ತನಕ ಬಂದು ನಿಂತ ಸಂಬಂಧ ಎಂದ ಮೇಲೆ ಹುಡುಗಿಯಲ್ಲೇ ಏನೋ ಐಬು ಇರಬೇಕೆಂದು ಮಾತಾಯಿತಂತೆ. ಆಮೇಲೆ ಯಾರೂ ಬರಲಿಲ್ಲವಂತೆ, ಎರಡನೆಯ ಸಂಬಂಧದವರು ಬಿಟ್ಟು. ಇದನ್ನು ಅವಳು ಬಸ್ಸಿನ ಹೊತ್ತು ಹೇಳುವಷ್ಟೇ ಸಹಜವಾಗಿ ಹೇಳಿದಳು.

"ಬೇಡ ಅಂದಿದ್ದು ಯಾಕೆ ಅಂತ ನಮ್ಮಪ್ಪ ಸಾಯೋತನಕ ಕೇಳ್ತಿದ್ರು. ನಿಮಗೆ ಗೊತ್ತಿರಬೇಕಲ್ಲ?"

ಗೊತ್ತಿತ್ತು. ನಾನು ಅವಳಿಗೆ ಮಾಲೂರಿನ ಮನೆಯ ವಿಷಯ ಹೇಳಿದೆ. ಪಟದ ಪಕ್ಕದ ಮೊಳೆಗಳು, ನಿಂತ ಒರಳು, ಗೇಟಿನಲ್ಲಿ ಮೇಲೆ ನೋಡುತ್ತಾ ನಿಂತವಳು. ನಿನಗೆ ಹಾಗಾಗದಿರಲಿ ಎಂದೇ ಅವನು ಬೇಡವೆಂದದ್ದು ಎಂದೆ. ನನ್ನ ದನಿ ನನಗೇ ಯಾರೋ ಪಾಠ ಒಪ್ಪಿಸುವಂತೆ ಕೇಳಿಸಿತು.

ಅವಳು ಪೂರ್ತಿ ಕೇಳಿದಳು. ಹುಡುಗಿಯರಲ್ಲಿ ಚಿಕ್ಕವಳು ಬಂದು ಹಸಿವು ಎಂದಾಗ ಗಂಟು ಬಿಚ್ಚಿ ಚಕ್ಕುಲಿ ಕೊಟ್ಟಳು. ಮತ್ತೆ ಗಂಟು ಕಟ್ಟಿ, ಬಿಗಿ ಮಾಡಿ, ನನ್ನ ಕಡೆ ನೋಡಿದಳು.

"ಅದನ್ನ ನನ್ನನ್ನ ಕೇಳಬೇಕಿತ್ತು ಅಲ್ವಾ ಅಕ್ಕ," ಎಂದಳು. "ಆ ಮಾಲೂರಿನವರ ಹಾಗೆ ನಾನೂ ಕಾಯ್ತಿದ್ದೆ."

ಮುಳಬಾಗಿಲಿನ ಬಸ್ಸು ಬಂತು. ಹುಡುಗಿಯರು ಟ್ರಂಕಿನ ಒಂದೊಂದು ಹಿಡಿ ಹಿಡಿದರು, ಅವಳು ಹಿಂದಿನಿಂದ ಎತ್ತಿಕೊಟ್ಟಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನು ಕೆಳಗೆ ನಿಂತೇ ಇದ್ದೆ. ಬಸ್ಸು ಹೊರಡುವ ತನಕ ಅವಳು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.